ಪೈಪ್ ಆರ್ಗನ್ ಧ್ವನಿಮುದ್ರಣಗಳನ್ನು ಆರಿಸಿ ಆಲಿಸುವ ಬಗೆ

ಪಂಡಿತ ರಾಮಭಾವು ಬಿಜಾಪುರೆಯವರು ಹಾರ್ಮೋನಿಯಂ ನುಡಿಸಿ ಕಲಿಸಿದ ಬೆಳಗಾವಿಯಲ್ಲಿ ತಿದಿಯ ಗಾಳಿಯಿಂದ ನಾದ ಹುಟ್ಟುವ ಪರಿಯನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಪೈಪ್ ಆರ್ಗನ್ನಿನಲ್ಲಿ ಸಮನಾದ ಒತ್ತಡದ ಗಾಳಿ ಸಾವಿರಾರು ಕೊಳವೆಗಳಿಗೆ ಹರಿಯುತ್ತದೆ. ಒಂದು ಕೊಳವೆಗೆ ಒಂದೇ ಸ್ವರ, ಒಂದೇ ಬಣ್ಣ. ಯಾವ ಸಾಲಿನ ಕೊಳವೆಗಳು ನುಡಿಯಬೇಕೆಂಬುದನ್ನು ವಾದಕ ಸ್ಟಾಪುಗಳೆಂಬ ಗುಬ್ಬಿಗಳನ್ನು ಎಳೆದು ನಿರ್ಧರಿಸುತ್ತಾನೆ. ಈ ವಾದ್ಯವನ್ನು ಆಯಾ ಕಟ್ಟಡಕ್ಕೆ ತಕ್ಕಂತೆ ಕಟ್ಟುವುದರಿಂದ, ಧ್ವನಿಮುದ್ರಣವನ್ನು ಆರಿಸುವಾಗ ವಾದಕನ ಹೆಸರಿಗಿಂತ ಮೊದಲು ಯಾವ ಆರ್ಗನ್, ಯಾವ ಚರ್ಚು ಎಂಬುದನ್ನು ನೋಡಬೇಕು. ಆ ವಿವರವನ್ನೇ ಕೊಡದ ಸಂಕಲನಗಳನ್ನು ನಾನು ಬದಿಗಿಡುತ್ತೇನೆ.

ಕೇಳುವ ಸಾಧನವನ್ನು ಮೊದಲೇ ಸರಿಮಾಡಿಕೊಳ್ಳಿ. 16 ಅಡಿಯ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 32 ಕಂಪನಗಳ ಸ್ವರವನ್ನೂ, 32 ಅಡಿಯದು ಸುಮಾರು 16 ಕಂಪನಗಳದನ್ನೂ ಹೊರಡಿಸುತ್ತದೆ. ಎರಡನೆಯದು ಕಿವಿಗಿಂತ ಮೈಗೇ ಹೆಚ್ಚು ತಿಳಿಯುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಇವೆರಡೂ ಇಲ್ಲವಾಗುತ್ತವೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನನ್ನೋ ದೊಡ್ಡ ಸ್ಪೀಕರನ್ನೋ ಬಳಸಿ, ಬೇಸ್ (ತಗ್ಗು ಸ್ವರ) ಹೆಚ್ಚಿಸುವ ಸವಲತ್ತನ್ನು ಬಂದ್ ಮಾಡಿಬಿಡಿ. ಅತ್ಯಂತ ಗಟ್ಟಿಯಾದ ಭಾಗಕ್ಕೆ ತಕ್ಕಂತೆ ಧ್ವನಿಮಟ್ಟವನ್ನು ಹೊಂದಿಸಿ, ಕೃತಿ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ.

ಆರಂಭಕ್ಕೆ ಒಂದೇ ಕೃತಿಯನ್ನು ಎರಡು ಆರ್ಗನ್‌ಗಳಲ್ಲಿ ಕೇಳುವುದು ಒಳ್ಳೆಯದು. ಜರ್ಮನ್ ರಚನೆಕಾರ ಬಾಖ್‌ನ ಯಾವುದಾದರೂ ಫ್ಯೂಗನ್ನು (ಒಂದೇ ರಾಗದೆಳೆ ಹಲವು ಧ್ವನಿಗಳಲ್ಲಿ ಒಂದರ ಹಿಂದೊಂದು ಬಂದು ಹೆಣೆದುಕೊಳ್ಳುವ ರಚನೆ) ಜರ್ಮನಿಯ ಫ್ರೈಬರ್ಗ್ ಕೆಥೆಡ್ರಲಿನಲ್ಲಿ ಗಾಟ್‌ಫ್ರೀಡ್ ಸಿಲ್ಬರ್‌ಮನ್ 1714ರಲ್ಲಿ ಮುಗಿಸಿದ ಆರ್ಗನ್ನಿನಲ್ಲಿ ಕೇಳಿ, ಬಳಿಕ ಪ್ಯಾರಿಸಿನ ಸೇಂಟ್ ಸುಲ್ಪೀಸ್ ಚರ್ಚಿನಲ್ಲಿ ಕವಾಯೆ-ಕೋಲ್ 1862ರಲ್ಲಿ ಪೂರೈಸಿದ, ಐದು ಕೀಲಿಮಣೆಗಳ ಆರ್ಗನ್ನಿನಲ್ಲಿ ಕೇಳಿ. ಮೊದಲನೆಯದರಲ್ಲಿ ಪ್ರತಿ ಎಳೆಯೂ ಬಿಡಿಬಿಡಿಯಾಗಿ ಮಿಂಚುತ್ತದೆ; ಎರಡನೆಯದರಲ್ಲಿ ಬಣ್ಣಗಳು ಒಂದರೊಳಗೊಂದು ಕರಗಿ ಇಡೀ ವಾದ್ಯವೃಂದದಷ್ಟು ವಿಸ್ತಾರ ಪಡೆಯುತ್ತವೆ. ಕಣ್ಣು ಕಾಣದ ಹೆಲ್ಮುಟ್ ವಾಲ್ಖಾ 1956ರಲ್ಲಿ ನೆದರ್‌ಲ್ಯಾಂಡ್ಸಿನ ಅಲ್ಕ್‌ಮಾರ್‌ನಲ್ಲಿ ನುಡಿಸಿದ ಬಾಖ್‌ನ 'ಆರ್ಟ್ ಆಫ್ ಫ್ಯೂಗ್' ಸ್ಟೀರಿಯೊ ಧ್ವನಿಮುದ್ರಣದ ಆರಂಭಕಾಲದ್ದಾದರೂ, ಎಳೆಗಳ ಸ್ಪಷ್ಟತೆಗೆ ನಾನು ಇಂದಿಗೂ ಮೊದಲು ಸೂಚಿಸುವುದು ಅದನ್ನೇ.

ಮುದ್ರಣದ ಗುಣವನ್ನು ಅಳೆಯಲು ಮೌನಕ್ಕೆ ಮುಂಚಿನ ಕ್ಷಣಗಳನ್ನು ಗಮನಿಸಿ. ವಿಜಯಪುರದ ಗೋಳಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದವರಿಗೆ ಕಟ್ಟಡವೇ ನಾದವನ್ನು ಹಿಡಿದಿಟ್ಟುಕೊಳ್ಳುವ ಅನುಭವವಿರುತ್ತದೆ. ಮೈಕುಗಳು ಕೊಳವೆಗಳಿಗೆ ತೀರ ಹತ್ತಿರವಿದ್ದರೆ ಈ ಅನುರಣನ ಬಡವಾಗುತ್ತದೆ. ತೀರ ದೂರವಿದ್ದರೆ ಸ್ವರಗಳು ಕಲಸಿಹೋಗುತ್ತವೆ. ಕೊನೆಯ ಸ್ವರಮೇಳ ತಾನಾಗಿಯೇ ಆರುವವರೆಗೆ ಬಿಡದೆ ಕತ್ತರಿಸಿದ ಮುದ್ರಣವನ್ನು ನಿಸ್ಸಂಕೋಚವಾಗಿ ತಿರಸ್ಕರಿಸಿ. ಕೀಲಿಗಳ ಸಣ್ಣ ಸದ್ದು, ಗಾಳಿಯ ಉಸಿರು ಕೇಳಿಸಿದರೆ ಅದನ್ನು ದೋಷವೆಂದು ಎಣಿಸಬೇಡಿ.

ತಾಳದಲ್ಲಿ ಆಸಕ್ತಿಯುಳ್ಳವರು ಇದಾದ ಮೇಲೆ ಒಲಿವಿಯೆ ಮೆಸಿಯಾನ್ ಕಡೆಗೆ ಹೋಗಬಹುದು. 'ಸಂಗೀತ ರತ್ನಾಕರ'ದ ಕರ್ತೃ ಶಾರ್ಙ್ಗದೇವ ಪಟ್ಟಿ ಮಾಡಿದ ದೇಶೀ ತಾಳಗಳನ್ನು ಅಭ್ಯಸಿಸಿ ಅವುಗಳ ಲಯವನ್ನು ತನ್ನ ರಚನೆಗಳಿಗೆ ತಂದುಕೊಂಡ ಈ ಫ್ರೆಂಚ್ ಸಂಗೀತಗಾರ, ತಾನು ಆರ್ಗನ್ ವಾದಕನಾಗಿದ್ದ ಪ್ಯಾರಿಸಿನ ಟ್ರಿನಿಟೆ ಚರ್ಚಿನಲ್ಲೇ 1956ರಲ್ಲಿ ತನ್ನ ಕೃತಿಗಳನ್ನು ಮುದ್ರಿಸಿದ. ಆ ಮುದ್ರಣ ಹಳೆಯದು, ಧ್ವನಿ ಒರಟು. ಆದ್ದರಿಂದ ಲಯದ ಜಾಡನ್ನು ಅದರಲ್ಲಿ ಹಿಡಿದು, ಬಳಿಕ ಅದೇ ಕೃತಿಗಳ ಇತ್ತೀಚಿನ ಮುದ್ರಣವೊಂದರಲ್ಲಿ ಬಣ್ಣಗಳನ್ನು ಕೇಳಿ.