ಸಾಂಕ್ರಾಮಿಕದ ಕಾಲದಲ್ಲಿ ವ್ಯಸನ ತಡೆ: ಏರಿಯಾದ ಹುಡುಗ ಹುಡುಗಿಯರ ಕೈಗೆ ಕೆಲಸ ಕೊಡುವ ಬಗೆ

ಶಾಲೆ, ಕಾಲೇಜು, ಮೈದಾನ ಮೂರೂ ಮುಚ್ಚಿದರೆ ಹದಿಹರೆಯದವರಿಗೆ ಹೊತ್ತು ಹೋಗುವುದಿಲ್ಲ. ಬೆಂಗಳೂರಿನ ವಠಾರಗಳ ಒಂದೇ ಕೋಣೆಯ ಮನೆಯಿಂದ ಅವರು ಟೆರೇಸಿಗೋ, ಅಂಗಡಿಯ ಹಿಂದಿನ ಸಂದಿಗೋ ಹೋಗುತ್ತಾರೆ. ಬೀಡಿ, ಗುಟ್ಕಾ, ಸೊಲ್ಯೂಷನ್ (ನಶೆಗೆಂದು ಮೂಸುವ ಅಂಟು) ಕೈಗೆ ಸಿಗುವುದೂ ಅಲ್ಲೇ. ಇಂಥ ಕಡೆ ಭಾಷಣ ನಡೆಯುವುದಿಲ್ಲ. ಏನು ಮಾಡಬೇಕೆಂದು ತೀರ್ಮಾನಿಸುವ ಹಕ್ಕನ್ನೇ ಅವರಿಗೆ ಕೊಟ್ಟರೆ ಕೆಲಸ ಮುಂದೆ ಹೋಗುತ್ತದೆ.

ತಂಡಕ್ಕೆ 15ರಿಂದ 19 ವರ್ಷದ 8–10 ಮಂದಿ ಸಾಕು, ಅರ್ಧದಷ್ಟು ಹುಡುಗಿಯರಿರಲಿ. ಒಳ್ಳೆ ಮಾರ್ಕ್ಸ್ ತೆಗೆಯುವವರನ್ನಷ್ಟೇ ಆರಿಸಬೇಡಿ. ಗಲ್ಲಿಯಲ್ಲಿ ಏನು ನಡೆಯುತ್ತಿದೆ ಎಂದು ಬಲ್ಲವರು ಬೇರೆಯವರೇ ಇರುತ್ತಾರೆ. 18 ತುಂಬದವರ ಮನೆಗೆ ಮಾಸ್ಕ್ ಹಾಕಿಕೊಂಡು ಹೋಗಿ, ಬಾಗಿಲ ಹೊರಗೇ ನಿಂತು ತಂದೆ ತಾಯಿಯ ಒಪ್ಪಿಗೆ ಕೇಳಿ. ತಂಡದ ವಾಟ್ಸಾಪ್ ಗುಂಪಿನಲ್ಲಿ ದೊಡ್ಡವರು ಇಬ್ಬರಿರಬೇಕು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಗುಟ್ಟಾಗಿ ಚಾಟ್ ಮಾಡಕೂಡದು.

ಹಣ ಬಂದರೆ ಮೊದಲು ಮಕ್ಕಳ ಡೇಟಾ ರೀಚಾರ್ಜ್‌ಗೆ ತೆಗೆದಿಡಿ, ಬ್ಯಾನರ್ ಆಮೇಲೆ. ಆನ್‌ಲೈನ್ ಸಭೆ ವಾರಕ್ಕೊಂದು, 40 ನಿಮಿಷ. ವಿಡಿಯೋ ಕಡ್ಡಾಯ ಮಾಡಬೇಡಿ: ಡೇಟಾ ಬೇಗ ಖಾಲಿಯಾಗುತ್ತದೆ, ಒಂದೇ ಕೋಣೆಯಲ್ಲಿ ಅಪ್ಪ ಮಲಗಿರುತ್ತಾರೆ, ಮನೆ ತೋರಿಸಲು ಮಕ್ಕಳಿಗೆ ಸಂಕೋಚ. ಮೊದಲ 5 ನಿಮಿಷ ಎಲ್ಲರೂ ತಮ್ಮ ಮನಸ್ಸು ಇಂದು ಹೇಗಿದೆ ಎಂದು 1ರಿಂದ 5ರೊಳಗಿನ ಅಂಕಿಯನ್ನು ಚಾಟ್‌ನಲ್ಲಿ ಹಾಕಲಿ. 1 (ಅಂದರೆ ಮನಸ್ಸು ತೀರಾ ಕೆಟ್ಟಿದೆ) ಹಾಕಿದವರನ್ನು ಸಭೆಯಲ್ಲಿ ಪ್ರಶ್ನಿಸದೆ, ಅವತ್ತೇ ಇಬ್ಬರೂ ದೊಡ್ಡವರು ಸೇರಿ ಫೋನ್ ಮಾಡಿ. ಪಕ್ಕದಲ್ಲಿ ಯಾರೋ ಇದ್ದಾರೆ, ಮಾತಾಡಲಾಗದು ಎಂದು ತಿಳಿಸಲು ಬರೀ ಒಂದು ಚುಕ್ಕಿ ಟೈಪ್ ಮಾಡಿದರೆ ಸಾಕು. ಕುಡಿತವಿರುವ ಮನೆಯ ಮಗುವಿಗೆ ಈ ಚುಕ್ಕಿ ದೊಡ್ಡ ಆಸರೆ.

ಮೊದಲ ಕೆಲಸ, ಇವೆಲ್ಲ ಎಲ್ಲೆಲ್ಲಿ ಮಾರಾಟವಾಗುತ್ತವೆ ಎಂದು ತೋರಿಸುವ ಏರಿಯಾದ ನಕ್ಷೆ. ಆದರೆ ಮಾರುವವರ ಫೋಟೋ ತೆಗೆಯುವುದು, ಹಿಂಬಾಲಿಸುವುದು ಬೇಡವೇ ಬೇಡ, ಮಕ್ಕಳ ಪ್ರಾಣಕ್ಕೇ ಕುತ್ತು. ಶಾಲಾ ಕಾಲೇಜಿನಿಂದ 100 ಮೀಟರ್‌ನೊಳಗೆ ತಂಬಾಕು ಮಾರುವುದನ್ನು 2003ರ ಕೋಟ್ಪಾ ಎಂಬ ತಂಬಾಕು ನಿಯಂತ್ರಣ ಕಾಯ್ದೆಯ 6ನೇ ಸೆಕ್ಷನ್ (ಕರ್ನಾಟಕದ ತಿದ್ದುಪಡಿಯಂತೆ) ನಿಷೇಧಿಸಿದೆ. ದೂರವನ್ನು ಮಕ್ಕಳು ಮನೆಯಲ್ಲೇ ಕುಳಿತು ಮೊಬೈಲ್ ಮ್ಯಾಪ್‌ನಲ್ಲಿ ಅಳೆಯಲಿ. ದೂರಿಗೆ ಸಹಿ ಹಾಕುವವರು ದೊಡ್ಡವರು. ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲಾಗಬಹುದು.

ಮಾಹಿತಿಯನ್ನು ಮಕ್ಕಳೇ ತಯಾರಿಸಲಿ: 30–45 ಸೆಕೆಂಡಿನ ವಾಯ್ಸ್ ನೋಟ್, ಆ ಗಲ್ಲಿಯಲ್ಲಿ ಆಡುವ ಕನ್ನಡ, ತಮಿಳು, ಉರ್ದು, ತೆಲುಗಿನಲ್ಲಿ. ತಲೆಬುರುಡೆ, ಸಿರಿಂಜ್ ಚಿತ್ರ ಹಾಕಿದರೆ ಹೆದರುವ ಬದಲು ಕುತೂಹಲಪಡುವವರೂ ಇರುತ್ತಾರೆ. ಒಂದೇ ಸಿಗರೇಟನ್ನು ನಾಲ್ವರು ಸೇದಿದರೆ ಎಂಜಲಿನ ಜೊತೆ ವೈರಸ್ಸೂ ಹಂಚಿಹೋಗುತ್ತದೆ ಎನ್ನುವಂಥ ಹತ್ತಿರದ ಮಾತು ನಾಟುತ್ತದೆ. ಗೆಳೆಯ ಒತ್ತಾಯಿಸಿದಾಗ ಸ್ನೇಹ ಕೆಡದ ಹಾಗೆ ಏನು ಹೇಳಿ ಜಾರಿಕೊಳ್ಳಬೇಕು? ಅದನ್ನೂ ಅವರೇ ಬರೆಯಲಿ. “ಬೇಡ ಮಚ್ಚಾ, ನಾಳೆ ಮ್ಯಾಚ್ ಇದೆ” ಎಂಬುದನ್ನು ನಾವು ಹೇಳಿಕೊಟ್ಟರೆ ಕೃತಕವಾಗುತ್ತದೆ.

ಇನ್ನೊಂದು ವಿಷಯವನ್ನು ತಪ್ಪದೆ ಕಲಿಸಿ. 2020ರ ಲಾಕ್‌ಡೌನ್‌ನಲ್ಲಿ ಮುಚ್ಚಿದ್ದ ಮದ್ಯದಂಗಡಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು ಮೇ 4ರಂದು. ದಿನಾ ಕುಡಿಯುವವರಿಗೆ ಹೀಗೆ ಇದ್ದಕ್ಕಿದ್ದಂತೆ ಮದ್ಯ ತಪ್ಪಿದರೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಎರಡು–ನಾಲ್ಕನೇ ದಿನ ಗೊಂದಲ, ಭ್ರಮೆ ಕಾಣಿಸಬಹುದು. ಇದು ಜೀವಕ್ಕೆ ಅಪಾಯ. ಅಪ್ಪನಿಗೆ ಹೀಗಾದರೆ ಬೈಯುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು. ಕುಡಿತ ಬಿಡಿಸುವುದು ಮಗುವಿನ ಹೊಣೆಯಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಿ. ಸ್ಯಾನಿಟೈಸರ್ ಕುಡಿದರೂ ಆಸ್ಪತ್ರೆಗೇ ಓಡಬೇಕು. ಅದರಲ್ಲಿ ಮೆಥನಾಲ್ ಎಂಬ ವಿಷವಿದ್ದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು.

ಗೆಳೆಯನೊಬ್ಬ ವ್ಯಸನದಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ತಂಡದವರು ಕೌನ್ಸೆಲಿಂಗ್‌ಗೆ ಇಳಿಯುವುದು ಬೇಡ. ಕೇಳಿಸಿಕೊಳ್ಳಲಿ, ಅವನ ಒಪ್ಪಿಗೆ ಪಡೆದು ದೊಡ್ಡವರಿಗೆ ತಿಳಿಸಲಿ. ಪ್ರಾಣಾಪಾಯವಿದ್ದರೆ ಒಪ್ಪಿಗೆಗೆ ಕಾಯಬಾರದು. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಚಿಕಿತ್ಸೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಈ ನಂಬರುಗಳನ್ನು ಗುಂಪಿನ ಡಿಸ್ಕ್ರಿಪ್ಶನ್‌ನಲ್ಲೇ ಹಾಕಿಡಿ, ಗುಡ್ ಮಾರ್ನಿಂಗ್ ಮೆಸೇಜ್‌ಗಳ ಕೆಳಗೆ ಹೂತುಹೋಗುವುದಿಲ್ಲ.