50 ಎಂ.ಎಂ. ಆಟೋಫೋಕಸ್ ಲೆನ್ಸಿಗೆ ಕಿವಿ ಕೂರಿಸಿದ್ದು

ಕೊನೆಗೂ ನನ್ನ ನಿಕಾರ್ 50 ಎಂ.ಎಂ. 1.8ಡಿ ಆಟೋಫೋಕಸ್ ಲೆನ್ಸ್, ನಿಕಾನ್ ಕಂಪನಿಯ ಹಳೇ ಫಿಲ್ಮ್ ಕ್ಯಾಮೆರಾ ನಿಕಾರ್ಮ್ಯಾಟ್ ಎಫ್‌ಟಿಎನ್ ಮೇಲೆ ಬೆಳಕಿನ ಮೀಟರ್ ಸಮೇತ ಕೆಲಸ ಮಾಡುತ್ತಿದೆ. 1967ರಲ್ಲಿ ಬಂದ ಬಾಡಿ ಅದು. ಆಗ ಆಟೋಫೋಕಸ್ ಲೆನ್ಸ್ ಅನ್ನೋದೇ ಇರಲಿಲ್ಲ.

ಎರಡಕ್ಕೂ ನಿಕಾನಿನ ಎಫ್ ಮೌಂಟ್ (ಲೆನ್ಸ್ ಕೂರುವ ಬಾಯಿ) ತಾನೇ, ಲೆನ್ಸ್ ಸಲೀಸಾಗಿ ಕೂರುತ್ತದೆ. ಆದರೆ ಬಾಡಿಯ ಪಿನ್ ಹಿಡಿದು ಮೀಟರಿಗೆ ಅಪರ್ಚರ್ ತಿಳಿಸಲು, ಅಪರ್ಚರ್ ರಿಂಗ್ (ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬಳೆ) ಮೇಲೆ ಮೊಲದ ಕಿವಿ ಅನ್ನೋ ಕವಲಿನ ತುಂಡು ಇಲ್ಲ. "ಸುಮ್ನೆ ಒಂದು ಹಳೇ ಮ್ಯಾನುವಲ್ ಲೆನ್ಸ್ ತಗೋ, ಪ್ಲಾಸ್ಟಿಕ್ ರಿಂಗ್‌ಗೆ ಕಿವಿ ನಿಲ್ಲಲ್ಲ" ಅಂತ ಗೆಳೆಯರೆಲ್ಲ ಹೇಳಿದರು. ನನಗೆ ಡಿಜಿಟಲ್‌ಗೂ ಫಿಲ್ಮ್‌ಗೂ ಒಂದೇ ಲೆನ್ಸ್ ಬೇಕಿತ್ತು.

ಫಂಗಸ್ ಹಿಡಿದು ಸತ್ತ ಒಂದು ಎಐ ಲೆನ್ಸಿನಿಂದ (ಕಿವಿ ಇರುವ ಹಳೇ ಮ್ಯಾನುವಲ್ ಲೆನ್ಸ್) ಕಿವಿ ಬಿಚ್ಚಿಕೊಂಡೆ. ಮೊದಲ ಸಲ ಸೂಪರ್ ಗ್ಲೂ ಹಾಕಿ ಅಂಟಿಸಿದೆ. ಲೆನ್ಸ್ ಬಿಚ್ಚದೆ ಅಂಟಿಸಿದ್ದೇ ತಪ್ಪು. ಬೆಳಿಗ್ಗೆ ನೋಡಿದರೆ ಗ್ಲೂ ಹಬೆ ಹಿಂದಿನ ಗಾಜಿನ ಮೇಲೆ ಬೂದಿ ಬಳಿದ ಹಾಗೆ ಬೆಳ್ಳಗೆ ಕೂತಿತ್ತು. ಕಿವಿಯೂ ನಾಲ್ಕೈದು ಸಲ ತಿರುಗಿಸುವಷ್ಟರಲ್ಲಿ ಕಿತ್ತು ಬಂತು. ಒಂದು ಲೆನ್ಸ್ ಹೋಯಿತು.

ಎರಡನೆಯದಕ್ಕೆ ರಿಂಗ್ ಬಿಚ್ಚಿದೆ. ಬಯೊನೆಟ್ (ಲೆನ್ಸಿನ ಹಿಂದಿನ ಲೋಹದ ಬಳೆ) ಸ್ಕ್ರೂಗಳಿಗೆ ಜಪಾನಿನ ಜೆಐಎಸ್ ಮಾದರಿಯ ಸ್ಕ್ರೂಡ್ರೈವರೇ ಬೇಕು, ಫಿಲಿಪ್ಸ್ ಹಾಕಿದರೆ ತಲೆ ಸವೆದು ಹೋಗುತ್ತದೆ. ಕೈ ಡ್ರಿಲ್‌ನಲ್ಲಿ ತೂತು ಕೊರೆದೆ. ಬಿಟ್ ಜಾರಿ ಕಿವಿ ಒಂದು ಸ್ಟಾಪ್‌ನಷ್ಟು (ಅಪರ್ಚರಿನ ಒಂದು ಮೆಟ್ಟಿಲು) ಪಕ್ಕಕ್ಕೆ ಕೂತಿತು. ಕೂರಿಸಿ ರಿಂಗ್ ತಿರುಗಿಸಿದರೆ, ಲೆನ್ಸಿನ ಅತಿ ದೊಡ್ಡ ಅಪರ್ಚರ್ (ಇಲ್ಲಿ 1.8) ತೋರಿಸುವ ಮೌಂಟ್ ಪಕ್ಕದ ಚಿಕ್ಕ ಸ್ಕೇಲ್‌ನಲ್ಲಿ ಗುರುತು 2ರ ಹತ್ತಿರ ನಿಲ್ಲಬೇಕಾದದ್ದು 2.8ರ ಕಡೆ ಓಡಿತ್ತು. ಅದೇ ತೂತನ್ನು ಸರಿಮಾಡಲು ಹೋಗಿ ರಿಂಗ್ ಸೀಳಿತು. ಇಷ್ಟಕ್ಕೆ ಆದ ಖರ್ಚಿನಲ್ಲಿ ಗೆಳೆಯರು ಹೇಳಿದ ಮ್ಯಾನುವಲ್ ಲೆನ್ಸ್ ಬಂದು, ಮೇಲೆ ಫಿಲ್ಮ್ ರೋಲೂ ಬರುತ್ತಿತ್ತು. ಮನೆಯಲ್ಲಿ ಲೆಕ್ಕ ಕೇಳಿದಾಗ ಸುಮ್ಮನಾದೆ.

ಮೂರನೆಯದರಲ್ಲಿ ಅವಸರ ಮಾಡಲಿಲ್ಲ. ಕಿವಿಯ ನಡು ಭಾಗ 5.6ರ ಗೆರೆಗೆ ಸರಿಯಾಗಿ ಬರಬೇಕು, ಇದೊಂದೇ ಅಳತೆ ಮುಖ್ಯ. ಗುರುತು ಹಾಕಲು ಒಂದು ಒಳ್ಳೆ ಉಪಾಯ ಸಿಕ್ಕಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬಿಟ್‌ಗೆ ಟೇಪ್ ಸುತ್ತಿ ಆಳ ಕಟ್ಟಿದೆ. ಸುಮಾರು ಒಂದೂವರೆ ಮಿ.ಮೀ. ದಪ್ಪದ ಸ್ಕ್ರೂ, ಎರಡು. ಉದ್ದ ಜಾಸ್ತಿಯಾದರೆ ಒಳಗೆ ಮೂಗು ತೂರಿಸಿ ರಿಂಗ್ ಬಿಗಿಯುತ್ತದೆ. ಮೊದಲು ಹಾಕಿದಾಗ ಹಾಗೇ ಆಯಿತು. ಬಿಚ್ಚಿ, ಅರ್ಧ ಮಿ.ಮೀ.ನಷ್ಟು ಅರದಿಂದ ಉಜ್ಜಿದ ಮೇಲೆ ರಿಂಗ್ ಬೆಣ್ಣೆಯ ಹಾಗೆ ತಿರುಗಿತು.

ಲೆನ್ಸನ್ನು 5.6ಕ್ಕಿಟ್ಟು ಕೂರಿಸಿ, ರಿಂಗನ್ನು ಆ ತುದಿಗೂ ಈ ತುದಿಗೂ ಒಮ್ಮೆ ತಿರುಗಿಸಿದೆ. ಗುರುತು 1.4 ದಾಟಿ 2ರ ಪಕ್ಕ ಬಂದು ನಿಂತಿತು. ನಾನು ಕಾಯುತ್ತಿದ್ದ ಜಾಗವೇ ಅದು!

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಈ ಬಾಡಿಗೆ 1.35 ವೋಲ್ಟಿನ ಪಾದರಸದ ಸೆಲ್ ಬೇಕು, ಅದು ಈಗ ಸಿಗಲ್ಲ. ಅಲ್ಕಲೈನ್ ಹಾಕಿದಾಗ ಮೀಟರ್ ಸುಳ್ಳು ಹೇಳುತ್ತಿತ್ತು. ಶ್ರವಣ ಸಾಧನದ 675 ಝಿಂಕ್-ಏರ್ ಸೆಲ್ಲಿಗೆ ಸುತ್ತಲೂ ರಬ್ಬರ್ ಉಂಗುರ ಹಾಕಿ ಕೂರಿಸಿದೆ. ಕೆಲವೇ ವಾರ ಬಾಳುತ್ತದೆ, ಆದರೆ ವೋಲ್ಟೇಜ್ ಹತ್ತಿರ ಹತ್ತಿರ ಇರುತ್ತದೆ.

ಆಮೇಲೆ ಒಂದೇ ಗೋಡೆ, ಒಂದೇ ಬೆಳಕು ಇಟ್ಟುಕೊಂಡು ಗೆಳೆಯನ ಅಸಲಿ ಕಿವಿಯ ಲೆನ್ಸ್ ಜೊತೆ ಹೋಲಿಸಿದೆ. 2.8ರಿಂದ 16ರವರೆಗೆ ಎಲ್ಲ ಸ್ಟಾಪ್‌ನಲ್ಲೂ ಮೀಟರಿನ ಮುಳ್ಳು ಎರಡೂ ಲೆನ್ಸಿಗೆ ಒಂದೇ ಕಡೆ ನಿಂತಿತು. ಗೆಳೆಯ ಎರಡು ಸಲ ಬದಲಿಸಿ ನೋಡಿದ. ಕಿವಿ ನಿಲ್ಲಲ್ಲ ಅಂದಿದ್ದವರಲ್ಲಿ ಅವನೂ ಒಬ್ಬ. ಈಗ ಅವನ 28 ಎಂ.ಎಂ. 2.8ಡಿ ನನ್ನ ಮೇಜಿನ ಮೇಲಿದೆ, ರಿಂಗ್ ಬಿಚ್ಚಿ ಆಗಿದೆ.