ಹುಂಜದ ರಥ, ಇಲಿ ಸಾರಥಿ: ಬಿಲ್ಲಿನ ಬೈರಿಗೆಯಲ್ಲೇ ಕೊರೆದೆ

ಬಿಲ್ಲಿನ ದಾರದಿಂದ ತಿರುಗಿಸುವ ಬೈರಿಗೆ, ಎಮರಿ ಅನ್ನುವ ಗಟ್ಟಿ ಕಲ್ಲಿನ ಪುಡಿ, ಎಣ್ಣೆ. ಇಷ್ಟರಲ್ಲೇ ಕಾರ್ನೀಲಿಯನ್ ಅನ್ನುವ ಕೆಂಪು ಹರಳಿನ ಮೇಲೆ ರೋಮನ್ನರ ಇಲಿ ಸಾರಥಿಯನ್ನು ಕೊರೆಯುತ್ತೇನೆ ಅಂದಾಗ ಹರಳು ಸಾಣೆ ಹಿಡಿಯುವ ನಮ್ಮವರು ಯಾರೂ ನಂಬಲಿಲ್ಲ. ‘ಮೋಟರು, ವಜ್ರದ ಪುಡಿ ಕೂರಿಸಿದ ಮೊನೆ (ಡೈಮಂಡ್ ಬರ್) ಇಲ್ಲದೆ ಆಗಲ್ಲ ಬಿಡಿ’ ಅಂದರು. ಆಯಿತು! ಅರಗಿನಲ್ಲಿ ಒತ್ತಿ ಅವರಿಗೇ ತೋರಿಸಿದ್ದೇನೆ.

ಚಿತ್ರ ಗೊತ್ತಲ್ವಾ? ಹುಂಜ ಪುಟ್ಟ ರಥ ಎಳೆಯುತ್ತದೆ, ಲಗಾಮು ಇಲಿಯ ಕೈಯಲ್ಲಿ. ಮುದ್ರೆ ಒತ್ತುವ ರೋಮನ್ ಉಂಗುರಗಳಲ್ಲಿ ಇಂಥ ತಮಾಷೆ ಜಾಸ್ತಿ. ಬಸವನಹುಳುವಿನ ಚಿಪ್ಪಿನಿಂದ ಆನೆ ಹೊರಬರುವ ಹರಳೂ ಇದೆ.

ಕಲ್ಲು ಖಂಭಾತಿನದು. ಗುಜರಾತಿನ ಈ ಜಾತಿಯ ಕಲ್ಲು ಭರೂಚ್ ಬಂದರಿನಿಂದ ಆ ಕಾಲಕ್ಕೇ ರೋಮ್ ಕಡೆ ಹೋಗುತ್ತಿತ್ತು. ಹರಳಿಗೆ 200 ರೂಪಾಯಿ ಆಸುಪಾಸು, ಉದ್ದ ಸುಮಾರು 14 ಮಿ.ಮೀ.

ಕಾಡಿದ್ದು ಲಗಾಮು. ಲಗಾಮಿಗೂ ಹುಂಜದ ಬಾಲಕ್ಕೂ ನಡುವೆ ಉಳಿಯುವ ತೆಳು ಗೋಡೆ ಚಕ್ಕೆ ಎದ್ದು ಹೋಗುತ್ತಿತ್ತು. ಹರಳು, ಎಮರಿ, ಮೊನೆ ಮಾಡಿಕೊಟ್ಟ ಕಮ್ಮಾರನ ಕೂಲಿ ಸೇರಿ 6-7 ಸಾವಿರ ನೀರಿಗೆ ಹೋಯಿತು. ಬೈರಿಗೆಯ ತುದಿಗೆ ಕಬ್ಬಿಣದ ಬಿಲ್ಲೆ ಬಿಟ್ಟು ತಾಮ್ರದ್ದು ಹಾಕಿದ ಮೇಲೆ ದಾರಿ ಸಿಕ್ಕಿತು. ತಾಮ್ರ ಮೆತ್ತಗೆ, ಪುಡಿ ಅದರ ಅಂಚಿನಲ್ಲೇ ಕಚ್ಚಿಕೊಂಡು ಕೊರೆಯುತ್ತದೆ. ಪುಡಿಯನ್ನು ನೀರಲ್ಲಿ ಕದಡಿ, ಒರಟು ತಳಕ್ಕೆ ಕೂತ ಮೇಲೆ ತಿಳಿಯಲ್ಲಿ ಬಂದ ನಯವನ್ನು ಮಾತ್ರ ಲಗಾಮಿಗೆ ಬಳಸಿದೆ. ಹುಂಜದ ಎದೆ, ಇಲಿಯ ಹೊಟ್ಟೆ ಮೊದಲು, ಆಳವಾಗಿ. ಕಾಲು, ಲಗಾಮು ಕೊನೆಗೆ. ಎಣ್ಣೆ ಯಾವುದು, ಎಷ್ಟು ಮಂದ ಅನ್ನುವುದನ್ನು ಬರೆಯುವುದಿಲ್ಲ. ನನ್ನ ಅನ್ನ ಅದರಲ್ಲೇ ಇದೆ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಸಾರ್ಡೋನಿಕ್ಸ್ ಅನ್ನುವ ಪಟ್ಟೆ ಹರಳಿಗೆ ಮುದ್ರೆಯ ಮೇಣ ಅಂಟುವುದಿಲ್ಲ ಅಂತ ರೋಮನ್ ಲೇಖಕ ಪ್ಲಿನಿ 1ನೇ ಶತಮಾನದಲ್ಲೇ ಬರೆದಿದ್ದಾನೆ. ಕಾರ್ನೀಲಿಯನ್ ಕೂಡ ಅದೇ ಕುಲ. ಜೇನುಮೇಣ ಒತ್ತಿ ನೋಡಿದೆ. ಕೊರೆದ ಗುಂಡಿಗೆ ಮೆರುಗು ಕೊಟ್ಟ ಹರಳು ಸಲೀಸಾಗಿ ಬಿಟ್ಟುಕೊಂಡಿತು. ಒರಟಾಗೇ ಬಿಟ್ಟ ಹರಳಿನಲ್ಲಿ ಇಲಿಯ ಕಿವಿ ಕಿತ್ತು ಒಳಗೇ ಉಳಿಯಿತು. ಅಂದಿನಿಂದ ಬಿದಿರಿನ ಕಡ್ಡಿಗೆ ನಯಪುಡಿ ಹಚ್ಚಿ ಗುಂಡಿಯ ಒಳಗೂ ಉಜ್ಜುತ್ತೇನೆ. ಕೊರೆಯುವುದಕ್ಕಿಂತ ಇದಕ್ಕೇ ಹೊತ್ತು ಜಾಸ್ತಿ.

ನಗು ಬರುವುದು ಇಲಿಯ ಬೆನ್ನಿನಿಂದ. ಹುಂಜ ಕತ್ತು ಚಾಚಿ ನುಗ್ಗುತ್ತಿದೆ, ಇಲಿ ಹಿಂದಕ್ಕೆ ವಾಲಿ ಎರಡೂ ಕೈಯಲ್ಲಿ ಜಗ್ಗುತ್ತಿದೆ. ಬೆನ್ನು ನೆಟ್ಟಗಾದರೆ ಅದು ಸುಮ್ನೆ ನಿಂತ ಇಲಿ, ಸಾರಥಿ ಅಲ್ಲ. ಅದಕ್ಕೇ ಗಳಿಗೆಗೊಮ್ಮೆ ಜೇಡಿಮಣ್ಣಿನಲ್ಲಿ ಒತ್ತಿ ನೋಡುತ್ತಾ ಕೊರೆದೆ. ಬೆಳ್ಳಿ ಉಂಗುರಕ್ಕೆ ಕೂರಿಸಿದ ಮೇಲೆ 18 ಸಾವಿರದ ಹತ್ತಿರಕ್ಕೆ ಮಾರಾಟವಾಯಿತು. ಮೋಟರು ಬೇಕೇ ಬೇಕು ಅಂದವರಲ್ಲೇ ಒಬ್ಬರು ಈಗ ಅಂಥದ್ದೇ ಇನ್ನೊಂದಕ್ಕೆ ಮುಂಗಡ ಕೊಟ್ಟಿದ್ದಾರೆ.